ಅತ್ತೆಯ ಪಾತ್ರೆಗೆ ಹಾಕಿದ ಉಪ್ಪು

ಟ್ರೆಗರಾನ್, ವೇಲ್ಸ್
ಗುರುವಾರ, ಮಾರ್ಚ್ 4, 1999

ಪ್ರೀತಿಯ ನೆಸ್ಟ್,

ಹೇಗಿದ್ದೀಯೆ? ಹೋಗುವಾಗ ಇದ್ದ ಕೆಮ್ಮು ಬಿಟ್ಟಿತೋ, ಇಲ್ಲ ಪಟಗೋನಿಯಾದ ಧೂಳಿಗೆ ಇನ್ನೂ ಗಂಟಲಲ್ಲೇ ಕೂತಿದೆಯೋ? ನಮಗೆ ಇಲ್ಲಿ ಕೈ ಬೆರಳು ಸೆಟೆದುಕೊಳ್ಳುವ ಚಳಿ, ನಿನಗೆ ಅಲ್ಲಿ ಬಿಸಿಲು ಅಂತ ನೀನೇ ಬರೆದಿದ್ದೀಯ. ಆ ಬಿಸಿಲಲ್ಲಿ ಟೋಪಿ ಇಲ್ಲದೆ ತಿರುಗಬೇಡ, ನಿನ್ನ ಮೂಗು ಎಷ್ಟು ಬೇಗ ಸಿಪ್ಪೆ ಸುಲಿಯುತ್ತೆ ಅಂತ ನಿನಗೇ ಗೊತ್ತು. ಮಕ್ಕಳು ವೆಲ್ಷ್ ಮಾತಾಡೋಕೆ ಶುರು ಮಾಡಿದರಾ? ಇಲ್ಲಿಂದ ಅಲ್ಲಿಗೆ ವಲಸೆ ಹೋದ ಅವರ ಮುತ್ತಜ್ಜಂದಿರ ಭಾಷೆ ಕಲಿಸೋಕೆ ಅಂತ ನೀನು ಸಮುದ್ರ ದಾಟಿ ಹೋಗಿದ್ದೀಯ, ಇಲ್ಲಿ ನಿನ್ನ ಗಂಡನಿಗೆ ಸ್ವಂತ ಮನೆಯಲ್ಲೇ ಸರಿಯಾಗಿ ಎರಡು ಮಾತು ಆಡೋಕೆ ಬಾಯಿ ಬರ್ತಾ ಇಲ್ಲ. ಪ್ರತಿ ಭಾನುವಾರ ಫೋನು ಮಾಡ್ತೀನಲ್ಲ, ಆಗ ಹೇಳಬಹುದಲ್ಲ ಅಂತೀಯ. ಫೋನು ಇರೋದು ಅಡುಗೆಮನೆ ಬಾಗಿಲ ಪಕ್ಕ, ನಿಮ್ಮಮ್ಮ ಕೂರೋದು ಅದೇ ಬಾಗಿಲ ಇನ್ನೊಂದು ಪಕ್ಕ. ಅವರಿಗೆ ಮೊಣಕಾಲು ಕೈಕೊಟ್ಟಿರಬಹುದು, ಕಿವಿ ಇನ್ನೂ ಇಲಿ ಓಡಾಡಿದ್ದು ಕೇಳಿಸಿಕೊಳ್ಳುತ್ತೆ. ಅದಕ್ಕೇ ಹಾಲಿನ ಟ್ಯಾಂಕರಿನಲ್ಲಿ ಕೂತು, ಸ್ಟೀರಿಂಗಿನ ಮೇಲೆ ಕಾಗದ ಇಟ್ಟುಕೊಂಡು ಬರೀತಾ ಇದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಸುದ್ದಿ ಏನಪ್ಪಾ ಅಂದರೆ, ಸೋಮವಾರ ರಾತ್ರಿಯಿಂದ ನಿಮ್ಮಮ್ಮ ಒಲೆ ಮುಟ್ಟಿಲ್ಲ. ಗಾಬರಿ ಆಗಬೇಡ, ಆರೋಗ್ಯ ಚೆನ್ನಾಗಿದೆ. ಎದ್ದು ಓಡಾಡ್ತಾರೆ, ಕೋಳಿಗಳಿಗೆ ಕಾಳು ಹಾಕ್ತಾರೆ, ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ತಿಂತಾರೆ. ಅಡುಗೆ ಮಾತ್ರ ಇಲ್ಲ. ಮಾರ್ಗೆಡ್ ಅಡುಗೆ ಮಾಡ್ತಾ ಇಲ್ಲ ಅಂದರೆ ಈ ಊರಲ್ಲಿ ಯಾರಾದರೂ ನಂಬ್ತಾರಾ ಹೇಳು. ಅವರು ಹಾಗೆ ಕೈಚೆಲ್ಲಿ ಕೂರೋದಕ್ಕೆ ಕಾರಣ ನಾನು. ಇದನ್ನ ಬೇರೆಯವರ ಬಾಯಿಂದ ನೀನು ಕೇಳಬಾರದು, ಅದಕ್ಕೆ ಈ ಕಾಗದ.

ನಿಮ್ಮಮ್ಮನ ಅಡುಗೆ ಹೇಗೆ ಅಂತ ನಾನು ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳ್ತೀನಿ, ಯಾಕಂದರೆ ನಾಲ್ಕು ದಿನದಿಂದ ನನ್ನ ತಲೆಯಲ್ಲಿ ಅದೇ ಓಡ್ತಾ ಇದೆ. ಬೆಳಿಗ್ಗೆ ಉಗ್ರಾಣದ ಬಾಗಿಲು ತೆಗೆದು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಲ್ಲೋದು, ಏನಿದೆ ಅಂತ ನೋಡೋದು, ಇದ್ದಿದ್ದರಲ್ಲೇ ಮಾಡೋದು. ಭಾನುವಾರದ ಕುರಿಮಾಂಸದ ಮೂಳೆ ಸೋಮವಾರದ ಕೌಲ್‌ಗೆ. ಮಂಗಳವಾರ ಅದೇ ಕೌಲ್ ಸೂಪಿಗೆ ಇನ್ನೆರಡು ಆಲೂಗಡ್ಡೆ, ಒಂದು ಹಿಡಿ ಲೀಕ್ ಸೊಪ್ಪು, ಚೀಸಿನ ಒಣಗಿದ ಅಂಚು. ಬುಧವಾರ ಉಳಿದಿದ್ದನ್ನೆಲ್ಲ ಹಿಟ್ಟಿನೊಳಗೆ ಮುಚ್ಚಿ ಬೇಯಿಸಿದರೆ ಅದಕ್ಕೆ ಬೇರೆ ಹೆಸರು. ಈ ಮನೆಗೆ ಅಳಿಯನಾಗಿ ಬಂದ ಹೊಸತರಲ್ಲಿ, ಮನೆ ಅಳಿಯ ಅಂತ ಹೊರೆಯಾಗಬಾರದು, ಏನಾದರೂ ಕಲಿಯೋಣ ಅಂತ, ಎಷ್ಟು ಉಪ್ಪು ಹಾಕ್ತೀರಿ ಅತ್ತೆ ಅಂತ ಕೇಳಿದ್ದೆ. "ಸಾಕಾಗೋವಷ್ಟು" ಅಂದರು. ಎಷ್ಟು ಹೊತ್ತು ಬೇಯಿಸ್ತೀರಿ? "ಬೇಯೋವರೆಗೆ." ತಕ್ಕಡಿ ಯಾಕಿಲ್ಲ ಮನೇಲಿ? "ತಕ್ಕಡಿ ಪೋಸ್ಟಾಫೀಸಿನವರಿಗೆ ಕಣಪ್ಪಾ, ನಾನೇನು ಕೌಲ್‌ನ ಕಾರ್ಡಿಫ್‌ಗೆ ಪಾರ್ಸಲ್ ಮಾಡ್ತೀನಾ?" ಆಮೇಲೆ ನಾನು ಆ ಕಡೆ ತಲೆ ಹಾಕಲಿಲ್ಲ. ಹಾಕಿದ್ದು ಈ ಚಳಿಗಾಲದಲ್ಲಿ, ಯಾರಿಗೂ ಹೇಳದೆ.

ನೀನು ವಿಮಾನ ಹತ್ತಿದ ಮುಂದಿನ ವಾರ ನಿಮ್ಮಮ್ಮನಿಗೆ ಜ್ವರ ಬಂತಲ್ಲ, ಅದು ಇಳಿದ ಮೇಲೆ ಒಂದು ಮಧ್ಯಾಹ್ನ ನಾನು ಕೆಲಸ ಮುಗಿಸಿ ಬಂದೆ. ಗೇಟಿನಲ್ಲೇ ಸೀದ ವಾಸನೆ ಮೂಗಿಗೆ ಬಡಿಯಿತು. ಓಡಿ ಒಳಗೆ ಹೋದರೆ ಒಲೆ ಮೇಲೆ ಹಾಲು ಉಕ್ಕಿ, ಬತ್ತಿ, ತಳ ಹಿಡಿದು ಕರ್ರಗಾಗಿದೆ. ನಿಮ್ಮಮ್ಮ ಎರಡಡಿ ದೂರದಲ್ಲಿ ಕೂತು, ಒಲೆಗೆ ಬೆನ್ನು ಮಾಡಿ, ಹಾಡು ಗುನುಗುತ್ತಾ ಆಲೂಗಡ್ಡೆ ಸಿಪ್ಪೆ ತೆಗೀತಾ ಇದ್ದಾರೆ. ನಾನು ಪಾತ್ರೆ ಇಳಿಸಿದಾಗ ತಿರುಗಿ ನೋಡಿದರು. ಒಂದು ಕ್ಷಣ ಆ ಮುಖದಲ್ಲಿ ಹೆದರಿಕೆ ಕಂಡಿತು ನೆಸ್ಟ್, ಅವರ ಮುಖದಲ್ಲಿ ಹೆದರಿಕೆಯನ್ನ ನಾನು ನೋಡಿದ್ದೇ ಅದು ಮೊದಲು. ಆಮೇಲೆ ತಟ್ಟನೆ, "ಟ್ಯಾಂಕರ್ ತುಂಬಾ ಹಾಲು ಹೊರೋನಿಗೆ ಒಂದು ಲೋಟಕ್ಕೆ ಇಷ್ಟು ಸಂಕಟನಾ?" ಅಂತ ನನ್ನನ್ನೇ ಆಡಿಕೊಂಡರು. ನಾನೂ ನಕ್ಕೆ. ಜ್ವರ ಅವರ ಮೂಗನ್ನ ತಿಂದು ಹಾಕಿದೆ, ಮೂಗು ಹೋದರೆ ನಾಲಿಗೆಯೂ ಹೋದ ಹಾಗೇ ಅಂತ ನನಗೆ ಅರ್ಥವಾಯಿತು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಅವತ್ತೇ ಕೇಳಿಬಿಡಬೇಕಿತ್ತು. ನನಗೆ ಧೈರ್ಯ ಬರಲಿಲ್ಲ ಕಣೇ. ಪುಸ್ತಕ ನೋಡಿ ಮಾಡುವವರಿಗಾದರೆ ನಾಲಿಗೆ ಹೋದರೂ ಪುಸ್ತಕ ಇರುತ್ತೆ. ನಿಮ್ಮಮ್ಮನಿಗೆ ಏನಿದೆ, ಯಾವುದನ್ನ ಹಿಡಿದುಕೊಂಡು ಒಲೆ ಮುಂದೆ ನಿಲ್ತಾರೆ ಅಂತ ಯೋಚನೆ ಬಂತು. ಸಂಜೆ ಅವರು ಕೋಳಿ ಕೂಡೋಕೆ ಹಿತ್ತಲಿಗೆ ಹೋದಾಗ ಮೆಲ್ಲಗೆ ಮುಚ್ಚಳ ತೆಗೆದು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಉಪ್ಪು ಸ್ವಲ್ಪ ಕಮ್ಮಿ ಅನ್ನಿಸಿತು. ಜೇಬಿನಲ್ಲಿ ಮೀನಂಗಡಿಯವನು ಚಿಪ್ಸ್ ಜೊತೆ ಕೊಟ್ಟಿದ್ದ ಉಪ್ಪಿನ ಪೊಟ್ಟಣ ಇತ್ತು. ಹರಿದು ಸುರಿದೆ, ಕಲಕಿದೆ, ಮುಚ್ಚಿದೆ, ಏನೂ ಗೊತ್ತಿಲ್ಲದವನ ಹಾಗೆ ಪೇಪರ್ ಹಿಡಿದು ಕೂತೆ. ಊಟಕ್ಕೆ ಕೂತಾಗ ಅಬ್ಬಾ ಅತ್ತೆ, ಇವತ್ತು ಬಲು ಚೆನ್ನಾಗಿದೆ ಅಂದುಬಿಟ್ಟೆ. ಇಷ್ಟು ವರ್ಷದಲ್ಲಿ ಆ ಮೇಜಿನ ಮುಂದೆ ನಾನು ಬಾಯಿ ಬಿಟ್ಟು ಹೊಗಳಿದ್ದು ಇಲ್ಲ, ತಟ್ಟೆ ಖಾಲಿ ಮಾಡೋದೇ ಹೊಗಳಿಕೆ ಅಂದುಕೊಂಡಿದ್ದವನು. ನಿಮ್ಮಮ್ಮ ಸೌಟು ಹಿಡಿದುಕೊಂಡೇ ನಿಂತು ನನ್ನ ಮುಖ ನೋಡಿದರು, ತುಂಬಾ ಹೊತ್ತು ನೋಡಿದರು.

ಅಲ್ಲಿಂದ ಅದೇ ಚಾಳಿಯಾಯಿತು. ಅವರು ಕೋಳಿ ಹತ್ತಿರ ಹೋಗೋದು, ನಾನು ಪಾತ್ರೆ ಹತ್ತಿರ ಹೋಗೋದು. ಉಪ್ಪು ಮಾತ್ರ ಅಂತ ಶುರು ಮಾಡಿದವನು ಆಮೇಲೆ ಉಪ್ಪಿನಕಾಯಿ ಬಾಟಲಿಯ ಹುಳಿ ಒಂದು ಚಮಚ, ಸಾಸಿವೆ ಚೂರು, ಒಂದು ದಿನ ಅರ್ಧ ಸೇಬು ತುರಿದು ಹಾಕುವಷ್ಟು ಮುಂದುವರಿದೆ. ನಾಚಿಕೆ ಬಿಟ್ಟು ಹೇಳ್ತೀನಿ, ನನಗೆ ಅದು ಖುಷಿ ಕೊಡ್ತಿತ್ತು. ಇದಕ್ಕೆ ಏನು ಕಮ್ಮಿ ಅಂತ ಕಣ್ಣು ಮುಚ್ಚಿ ಯೋಚಿಸೋದು, ಸುತ್ತ ಏನಿದೆ ಅಂತ ನೋಡೋದು, ಹಾಕಿ ನೋಡೋದು, ಅದು ಸರಿಹೋಗೋದು. ಟ್ಯಾಂಕರ್ ಓಡಿಸ್ತಾ ಸಂಜೆಯ ಪಾತ್ರೆಗೆ ಏನು ಬೇಕಾಗಬಹುದು ಅಂತ ಲೆಕ್ಕ ಹಾಕ್ತಿದ್ದೆ. ಒಬ್ಬರ ಕೈಯಿಂದ ಅವರ ಕೆಲಸ ಕದೀತಾ ಇದ್ದೇನೆ ಅಂತ ತಲೆಗೆ ಹೋಗಲೇ ಇಲ್ಲ, ಉಪಕಾರ ಮಾಡ್ತಾ ಇದ್ದೇನೆ ಅಂದುಕೊಂಡಿದ್ದೆ.

ನಾನು ಕಾಣದೇ ಹೋಗಿದ್ದು ಏನು ಗೊತ್ತಾ? ನಾಲಿಗೆ ಇಲ್ಲದ ನಿಮ್ಮಮ್ಮ ನನ್ನ ಮುಖವನ್ನೇ ನಾಲಿಗೆ ಮಾಡಿಕೊಂಡಿದ್ದರು. ತುತ್ತು ಬಾಯಿಗಿಟ್ಟಾಗ ನನ್ನ ಹುಬ್ಬು ಎಲ್ಲಿಗೆ ಹೋಗುತ್ತೆ ಅಂತ ನೋಡಿ ನಾಳೆಯ ಕೈ ಅಳತೆ ಇಟ್ಟುಕೊಳ್ತಿದ್ದರು. ಒಂದು ದಿನ ಉಪ್ಪನ್ನ ಸ್ವಲ್ಪ ಕೈ ಹಿಡಿದು ಹಾಕಿದ್ದಾರೆ, ನಾನು ಹಿಂದಿನಿಂದ ಸರಿಮಾಡಿ ಆಹಾ ಅಂದಿದ್ದೇನೆ. ಹಾಗಾದರೆ ಇಷ್ಟೇ ಸಾಕು ಅಂತ ಅವರು. ಮರುದಿನ ಇನ್ನೂ ಹಿಡಿತ, ನಾನು ಇನ್ನೊಂದು ಪೊಟ್ಟಣ, ಇನ್ನೂ ದೊಡ್ಡ ಆಹಾ. ಫೆಬ್ರವರಿ ಹೊತ್ತಿಗೆ ಅವರೇ ನಗ್ತಾ ಹೇಳಿದರು, "ನೋಡು ಇಡ್ವಲ್, ಎಪ್ಪತ್ತು ದಾಟಿದ ಮೇಲೆ ಬುದ್ಧಿ ಬಂತು. ಇಷ್ಟು ವರ್ಷ ಸುಮ್ನೆ ಹಿಡಿ ಹಿಡಿ ಉಪ್ಪು ಸುರಿದು ನಿಮ್ಮೆಲ್ಲರ ಹೊಟ್ಟೆ ಹಾಳು ಮಾಡಿದೆ. ಎರಡು ಬೆರಳಲ್ಲಿ ಹಿಡಿಯೋಷ್ಟು ಹಾಕಿದರೂ ಚೆನ್ನಾಗೇ ಆಗುತ್ತಲ್ಲಾ." ನಾನು ಏನಂದೆ ಗೊತ್ತಾ? ಹೌದು ಅತ್ತೆ ಅಂದೆ.

ಅಷ್ಟರಲ್ಲಿ ಎಲುನೆಡ್ ಬಂದಳು. ಚಾಪೆಲ್ಲಿನ ಹೆಂಗಸರ ಸಂಘಕ್ಕೆ ಈ ವರ್ಷ ಅವಳೇ ಯಜಮಾನಿ. ಸಂತ ಡೇವಿಡ್ ಹಬ್ಬದ ರಾತ್ರಿ ಊಟದ ಕೌಲ್ ಎಂದಿನಂತೆ ಮಾರ್ಗೆಡ್ ಅವರೇ ಮಾಡ್ತಾರೆ ತಾನೇ ಅಂತ ಕೇಳಿದಳು. ನಿಮ್ಮಮ್ಮ ಮೊದಲು ಮೊಣಕಾಲಿನ ನೆಪ ಹೇಳಿದರು. ಈ ಸಲ ಬೇರೆ ಯಾರಾದರೂ ಮಾಡಲಿ, ನಾನು ಬ್ರೆಡ್ ಕೊಯ್ದು ಕೊಡ್ತೀನಿ ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಇಡ್ವಲ್ ಏನಂತಾನೆ?" ಅಂದರು. ನೆಸ್ಟ್, ಆ ಪ್ರಶ್ನೆ ತಮಾಷೆಗೆ ಕೇಳಿದ್ದಲ್ಲ. ನಿಜ ಹೇಳಪ್ಪಾ ಅಂತ ಕೇಳಿದ್ದು. ಆಗ ಒಂದು ಮಾತು, ಬೇಡ ಅತ್ತೆ, ಈ ಸಲ ವಿಶ್ರಾಂತಿ ತಗೊಳ್ಳಿ ಅಂದಿದ್ದರೆ ಮುಗೀತಿತ್ತು. ಎಲುನೆಡ್ ಎದುರಿಗೆ ಅವರನ್ನ ಬಿಟ್ಟುಕೊಡೋಕೆ ಮನಸ್ಸು ಬರಲಿಲ್ಲ. ಈ ಚಳಿಗಾಲದಷ್ಟು ರುಚಿ ನಿಮ್ಮ ಕೈಯಲ್ಲಿ ಯಾವತ್ತೂ ಇರಲಿಲ್ಲ ಅಂದೆ. ಮುಖ ಅರಳಿತು ನೋಡು, ಆ ಮುಖ ಈಗಲೂ ಕಣ್ಣ ಮುಂದಿದೆ. ಸರಿ, ನಾನೇ ಮಾಡ್ತೀನಿ ಅಂತ ಒಪ್ಪಿಕೊಂಡರು.

ಸೋಮವಾರ ಹಬ್ಬದ ದಿನ ಹೇಗಾದರೂ ಮಾಡಿ ಪಾತ್ರೆ ಹತ್ತಿರ ಹೋಗಿಬಿಡ್ತೀನಿ ಅನ್ನೋ ಧೈರ್ಯ ನನ್ನದು. ಕೋಟಿನ ಎರಡೂ ಜೇಬಿಗೆ ಉಪ್ಪು ತುಂಬಿಕೊಂಡು ಹೋದೆ. ಆದರೆ ಚಾಪೆಲ್ಲಿನ ಹಿಂದಿನ ಹಾಲ್ ಹೇಗೆ ಅಂತ ನಿನಗೆ ಗೊತ್ತಲ್ಲ, ಗಂಡಸರ ಪಾಲಿಗೆ ಮೇಜು, ಕುರ್ಚಿ ಮತ್ತು ಹಾಡು, ಅಡುಗೆಮನೆ ಹೊಸ್ತಿಲು ದಾಟೋ ಹಾಗಿಲ್ಲ. ಒಂದು ಸಲ ಬಲ್ಬು ನೋಡ್ತೀನಿ ಅಂತ ಹೋದೆ, ಇನ್ನೊಂದು ಸಲ ಗ್ಯಾಸ್ ಸಿಲಿಂಡರ್ ಸರಿ ಇದೆಯಾ ಅಂತ ಹೋದೆ, ಮೂರನೇ ಸಲ ಸುಮ್ಮನೆ ನೀರು ಕೇಳ್ತಾ ಹೋದೆ. "ಹೆಂಡತಿ ಊರಲ್ಲಿಲ್ಲ ಅಂತ ಹೆಂಗಸರ ಮಧ್ಯೆ ಸುಳೀತಿದ್ದಾನೆ ನೋಡ್ರೇ" ಅಂತ ಎಲುನೆಡ್ ಕೂಗಿದಳು, ಎಲ್ಲರೂ ಘೊಳ್ ಅಂತ ನಕ್ಕರು, ಟವಲಿನಲ್ಲಿ ಹೊಡೆದು ಓಡಿಸಿದರು. ನಿಮ್ಮಮ್ಮ ದೊಡ್ಡ ಹಂಡೆ ಮುಂದೆ ತೋಳು ಮಡಚಿಕೊಂಡು ನಿಂತಿದ್ದರು, ಹಬೆಯಲ್ಲಿ ಮುಖ ಕೆಂಪಾಗಿ, ರಾಣಿ ಹಾಗೆ. ಅವರು ಮಾಡ್ತಿರೋ ಹಂಡೆಗೆ ಪ್ರಾರ್ಥನೆಗೆ ಮುಂಚೆ ಬೇರೆಯವರು ಚಮಚ ಅದ್ದೋದುಂಟಾ? ಅಲ್ಲಿದ್ದ ಒಬ್ಬ ಹೆಂಗಸೂ ರುಚಿ ನೋಡಿರಲಿಲ್ಲ.

ಪಾದ್ರಿಗಳು ಪ್ರಾರ್ಥನೆ ಮುಗಿಸಿದರು, ಬಟ್ಟಲುಗಳು ಬಂದವು. ಮರದ ಚಮಚ ಬಾಯಿಗಿಟ್ಟೆ. ಸಪ್ಪೆ. ಸಪ್ಪೆ ಅಂದರೆ ಬರೀ ಬಿಸಿನೀರು. ಅಷ್ಟು ಒಳ್ಳೆಯ ಮಾಂಸ, ಗೆಡ್ಡೆ, ಲೀಕ್, ಎಲ್ಲ ಬೆಂದು ಬೆಣ್ಣೆಯಾಗಿದೆ, ಉಪ್ಪಿಲ್ಲ. ಹಾಲ್ ತುಂಬಾ ಮಾತು ನಡೀತಿದ್ದದ್ದು ತಟಕ್ಕನೆ ನಿಂತಿತು. ನಮ್ಮ ಜನ ನಿನಗೆ ಗೊತ್ತಲ್ಲ, ಅಡುಗೆ ಮಾಡಿದವರ ಎದುರಿಗೆ ಉಪ್ಪು ಕೇಳೋದು ಕಪಾಳಕ್ಕೆ ಹೊಡೆದ ಹಾಗೆ, ಯಾರೂ ಬಾಯಿ ಬಿಡಲಿಲ್ಲ. ಎಲುನೆಡ್ ಒಳ್ಳೆಯವಳೇ, ಅವಳನ್ನ ದೂರೋದಿಲ್ಲ. ಟೀ ಕಪ್ಪಿನ ಕಪಾಟಿನಿಂದ ಉಪ್ಪಿನ ಡಬ್ಬಿಗಳನ್ನ ಏಪ್ರನ್ ಅಡಿಯಲ್ಲಿ ಮುಚ್ಚಿಟ್ಟುಕೊಂಡು ತಂದು ದೂರದ ಮೇಜುಗಳ ತುದಿಯಲ್ಲಿ ಇಟ್ಟಳು. ಅವು ಒಬ್ಬರ ಕೈಯಿಂದ ಒಬ್ಬರಿಗೆ, ಮೇಜಿನ ಕೆಳಗಿಂದ, ಬೆನ್ನ ಹಿಂದಿನಿಂದ ಹೊರಟವು. ಪಾದ್ರಿಗಳೂ ಸಹ ಕೆಮ್ಮೋ ನೆಪದಲ್ಲಿ ಬಗ್ಗಿ ಉದುರಿಸಿಕೊಂಡರು. ನಿಮ್ಮಮ್ಮ ಬಡಿಸುವ ಕಿಟಕಿಯಲ್ಲಿ ನಿಂತು ಎಲ್ಲವನ್ನೂ ನೋಡ್ತಾ ಇದ್ದರು.

ಡಬ್ಬಿ ನನ್ನ ಹತ್ತಿರವೂ ಬಂತು. ನಾನು ಮುಟ್ಟದೆ ಪಕ್ಕದವರಿಗೆ ದಾಟಿಸಿದೆ. ಇಡೀ ಊರು ಕೈಬಿಟ್ಟರೂ ನಾನು ಬಿಡೋದಿಲ್ಲ ಅನ್ನೋ ಹಾಗೆ ಆ ಸಪ್ಪೆ ನೀರನ್ನ ಚಪ್ಪರಿಸಿ ಚಪ್ಪರಿಸಿ ಕುಡಿದೆ, ದಿನಾ ಮಾಡೋ ಅದೇ ಮುಖ ಮಾಡಿದೆ, ಬಟ್ಟಲು ಎತ್ತಿಕೊಂಡು ಹೋಗಿ ಇನ್ನಷ್ಟು ಬಡಿಸಿ ಅತ್ತೆ ಅಂದೆ. ಪೆದ್ದ ಕಣೇ ನಾನು, ಹುಟ್ಟಾ ಪೆದ್ದ. ಎಲ್ಲರೂ ಉಪ್ಪು ಉದುರಿಸಿಕೊಳ್ಳೋ ಊಟಕ್ಕೆ ಒಬ್ಬನೇ ಒಬ್ಬ ಆಹಾ ಅಂದರೆ, ಆ ಆಹಾಗೆ ಏನು ಬೆಲೆ? ದಿನಾ ಮನೆಯಲ್ಲಿ ಹೇಳ್ತಿದ್ದ ಆಹಾಗೆ ಏನು ಬೆಲೆ? ಸೌಟು ಹಂಡೆಯಲ್ಲೇ ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ಬಟ್ಟಲು ತುಂಬಿಸಿ ಕೊಟ್ಟರು.

ಮನೆಗೆ ಬಂದು ಕೋಟು ಮೊಳೆಗೆ ನೇತುಹಾಕಿ, ಬೆನ್ನು ತಿರುಗಿಸಿಕೊಂಡೇ, "ಯಾವಾಗಿಂದ?" ಅಂದರು. ಎಲ್ಲ ಹೇಳಿದೆ. ಹಾಲು ಸೀದ ದಿನದಿಂದ ಶುರು ಮಾಡಿ ಸಾಸಿವೆ, ಸೇಬು ಏನೂ ಬಿಡದೆ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಪುಣ್ಯ ಅನ್ನಬೇಕಿತ್ತು. "ಮೂಗು ಹೋಗಿತ್ತು ಕಣಪ್ಪಾ, ನಾಲಿಗೆ ಹೋಗಿತ್ತು, ಕೈ ಇತ್ತು ನನ್ನ ಹತ್ತಿರ" ಅಂದರು. "ಅದನ್ನೂ ನೀನು ಕಳೆದುಹಾಕಿದೆ. ಈಗ ಎಷ್ಟು ಹಾಕಬೇಕು ಅಂತ ಕೈಗೂ ಗೊತ್ತಿಲ್ಲ." ಅಷ್ಟೇ ಹೇಳಿ ಮೆಟ್ಟಿಲು ಹತ್ತಿ ಹೋದರು. ನಾನು ಕೋಟು ಬಿಚ್ಚದೆ ಹಾಗೇ ಅಡುಗೆಮನೆಯಲ್ಲಿ ಕೂತಿದ್ದೆ, ಜೇಬಿನ ಉಪ್ಪಿನ ಸಮೇತ.

ಈಗ ಅಡುಗೆ ನನ್ನದು. ನಿನ್ನೆ ಉಗ್ರಾಣದಲ್ಲಿ ಇದ್ದಿದ್ದನ್ನ ನೋಡಿ ಬೇಕನ್, ಕೋಸು, ಹಿಂದಿನ ದಿನದ ಆಲೂಗಡ್ಡೆ ಸೇರಿಸಿ ಏನೋ ಒಂದು ಮಾಡಿದೆ. ಚೆನ್ನಾಗೇ ಆಗಿತ್ತು, ಅದಕ್ಕೇ ಇನ್ನೂ ಸಂಕಟ ಆಯಿತು. ನಿಮ್ಮಮ್ಮ ನಾಲ್ಕು ಚಮಚ ತಿಂದು, "ಚೆನ್ನಾಗಿರಬಹುದು" ಅಂತ ತಟ್ಟೆ ಸರಿಸಿದರು. ಇರಬಹುದು ಅನ್ನೋ ಒಂದು ಮಾತಿಗೆ ಮಣ್ಣಲ್ಲಿ ಹೂತುಹೋಗೋಣ ಅನ್ನಿಸಿತು. ಬೇಡಿಕೊಂಡೆ, ಅತ್ತೆ, ನೀವು ಮಾಡಿ, ನಾನು ರುಚಿ ನೋಡಿ ಇದ್ದದ್ದು ಇದ್ದ ಹಾಗೆ ಹೇಳ್ತೀನಿ, ಕಮ್ಮಿ ಇದ್ದರೆ ಕಮ್ಮಿ, ಜಾಸ್ತಿ ಇದ್ದರೆ ಜಾಸ್ತಿ. "ನಿನ್ನ ಮಾತು ನಂಬಿಯೇ ಈ ಗತಿಗೆ ಬಂದೆ" ಅಂದರು. ಅವರು ನಂಬೋದು ಇನ್ನು ನಿನ್ನ ಮಾತನ್ನೇ. ಫೋನಿನಲ್ಲಿ ಏನು ಅಡುಗೆ ಅಮ್ಮಾ ಅಂತ ಮಾತ್ರ ಕೇಳಬೇಡ. ನನ್ನನ್ನ ಬೈಯಬೇಕು ಅನ್ನಿಸಿದರೆ ಅವರಿಗೆ ಕೇಳಿಸೋ ಹಾಗೆ ಗಟ್ಟಿಯಾಗಿ ಬೈ. ಬಹುಶಃ ಅವರಿಗೂ ಸ್ವಲ್ಪ ಸಮಾಧಾನ ಆದೀತು.

ನಿನ್ನನ್ನ ಇರಿಸಿಕೊಂಡಿರುವ ಮನೆಯವರಿಗೆ ನನ್ನ ನಮಸ್ಕಾರ ಹೇಳು. ಕೋಳಿಗಳು ಕ್ಷೇಮ, ಮಾಡಿನ ಹೆಂಚು ಒಂದು ಜಾರಿತ್ತು, ಹಾಕಿದ್ದೇನೆ. ನೀನು ಚೆನ್ನಾಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು, ನನ್ನ ಮೇಲಿನ ಕೋಪದಲ್ಲಿ ನಿದ್ದೆ ಕೆಡಿಸಿಕೊಳ್ಳಬೇಡ.

ನಿನ್ನವನೇ ಆದ,
ತಲೆ ಎತ್ತೋಕೆ ಮುಖವಿಲ್ಲದ
ಇಡ್ವಲ್

ಮರೆತ ಮಾತು: ಅಂಟು ಹಾಕೋಕೆ ಮನೆಯೊಳಗೆ ಬಂದೆ, ನಿಮ್ಮಮ್ಮ ಲಕೋಟೆ ನೋಡಿಬಿಟ್ಟರು. "ಎಲ್ಲಾ ಬರೆದಿದ್ದೀಯಾ? ಸರಿ, ಇದೊಂದು ಮಾತ್ರ ಬರೀಬೇಡ" ಅಂತ ಈಗಷ್ಟೇ ಹೇಳಿದರು. ಮೂಗು ಹೋಗಿದ್ದು ಜನವರಿಯ ಜ್ವರದಲ್ಲಿ ಅಲ್ಲವಂತೆ. ಹೋಗಿದ್ದು ಸೆಪ್ಟೆಂಬರಿನಲ್ಲಿ, ನಿನಗೆ ಪಟಗೋನಿಯಾದ ಕೆಲಸ ಸಿಕ್ಕಿದ ವಾರವೇ. ಹೇಳಿದರೆ ನೀನು ಹೋಗೋದಿಲ್ಲ ಅಂತ ಬಾಯಿ ಮುಚ್ಚಿಕೊಂಡರಂತೆ. ಅಂದರೆ ಶರತ್ಕಾಲ ಪೂರ್ತಿ, ಕ್ರಿಸ್‌ಮಸ್ ಬಾತುಕೋಳಿ, ನೀನು ಹೊರಡೋ ಹಿಂದಿನ ರಾತ್ರಿ ಅಮ್ಮನ ಕೈ ಊಟ ಇನ್ನೆಲ್ಲಿ ಸಿಗುತ್ತೆ ಅಂತ ಅತ್ತುಕೊಂಡು ಎರಡೆರಡು ಬಟ್ಟಲು ಕುಡಿದ ಆ ಕೌಲ್, ಎಲ್ಲ ಅವರು ರುಚಿಯೇ ಗೊತ್ತಾಗದೆ ಮಾಡಿದ್ದು. ಅದಕ್ಕೆ ಯಾರೂ ಒಂದು ಕಾಳು ಉಪ್ಪು ಸೇರಿಸಿರಲಿಲ್ಲ. ಬರೆಯೋದಿಲ್ಲ ಅಂತ ಮಾತು ಕೊಟ್ಟು ಬಂದು ಬರೀತಾ ಇದ್ದೇನೆ, ಇನ್ನು ಮುಚ್ಚಿಡೋದು ನನ್ನಿಂದ ಆಗೋದಿಲ್ಲ. ಅವತ್ತು ನಾನು ಮುಚ್ಚಳ ತೆಗೆದಾಗ ಉಪ್ಪು ನಿಜವಾಗಿ ಕಮ್ಮಿ ಇತ್ತಾ, ಇಲ್ಲ ಹಾಲು ಸೀದಿದ್ದನ್ನ ಕಂಡು ನನಗೇ ಹಾಗೆ ಅನ್ನಿಸಿತಾ, ಈಗ ಆಣೆ ಮಾಡಿ ಹೇಳಲಾರೆ. ಅವರ ಕೈ ಸರಿಯಾಗಿಯೇ ಇತ್ತು, ನೆಸ್ಟ್.